ಹಳೆಯ ಐಷಾರಾಮಿ ಸೆಡಾನ್‌ಗೆ ಕಡಿಮೆ ಖರ್ಚಿನಲ್ಲಿ ಬೆಳಕು ಮತ್ತು ಹಿತ: ಮನೆಯಲ್ಲೇ ಮಾಡಿಕೊಂಡ ಕೆಲಸಗಳು

ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಕಂಪನಿಯೊಂದರ 2013ರ ಮಾದರಿಯ ದೊಡ್ಡ ಸೆಡಾನ್ ಒಂದನ್ನು ಕಳೆದ ವರ್ಷ ಕೊಂಡೆ. ಎಂಜಿನ್ನು, ಗೇರು ಚೆನ್ನಾಗಿವೆ. ಆದರೆ ಒಳಗಿನ ದೀಪಗಳು ಮಂಕಾಗಿದ್ದವು, ಹೆಡ್‌ಲೈಟಿನ ಗಾಜು ಹಳದಿಗಟ್ಟಿತ್ತು, ಹಿಂದಿನ ಸೀಟು ಕುಸಿದಿತ್ತು. ಇವೆಲ್ಲವನ್ನೂ ಅಂಗಡಿಗೆ ಒಪ್ಪಿಸಿದರೆ ಆಗುವ ಖರ್ಚನ್ನು ಕೇಳಿದ ಮೇಲೆ, ಕೈಲಾದಷ್ಟನ್ನು ಮನೆಯ ಮುಂದೆಯೇ ಮಾಡಿಕೊಳ್ಳೋಣವೆಂದು ತೀರ್ಮಾನಿಸಿದೆ.

ಈ ಕೆಲಸಕ್ಕೆ ಕೈ ಹಾಕಲು ನಿಜವಾದ ಕಾರಣ ನನ್ನ ತಾಯಿ. ಅವರಿಗೆ ಎಂಬತ್ತೊಂದು ವರ್ಷ. ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಮಂಡಿನೋವು ಇದೆ. ಪಾಂಡವಪುರ ತಾಲ್ಲೂಕಿನ ನಮ್ಮ ಊರಿಗೆ ತಿಂಗಳಿಗೆ ಎರಡು ಸಲವಾದರೂ ಹೋಗಬೇಕೆಂಬುದು ಅವರ ಆಸೆ, ಮತ್ತು ನಾವು ತಲುಪುವುದು ಸಾಮಾನ್ಯವಾಗಿ ರಾತ್ರಿಯೇ. ಮನೆಯ ಮುಂದೆ ಬೀದಿದೀಪವಿಲ್ಲ. ಸೆಡಾನ್ ಕಾರು ನೆಲಕ್ಕೆ ಹತ್ತಿರ ಕೂರುವುದರಿಂದ ಇಳಿಯುವವರು ಮೊದಲು ಕಾಲನ್ನು ಹೊರಗಿಟ್ಟು, ಅದರ ಮೇಲೆ ಭಾರ ಬಿಟ್ಟು ಏಳಬೇಕಾಗುತ್ತದೆ. ಆ ಕಾಲು ಎಲ್ಲಿ ಊರುತ್ತಿದೆ ಎಂಬುದು ಕಾಣದಿದ್ದರೆ ವಯಸ್ಸಾದವರಿಗೆ ಅದೊಂದು ಅಪಾಯದ ಕ್ಷಣ. ಕಾರಿನ ಬೆಳಕಿನ ಬಗ್ಗೆ ಯೋಚಿಸುವಾಗಲೆಲ್ಲ ನಾನು ಮೊದಲು ನೋಡುವುದು ಆ ಒಂದು ಹೆಜ್ಜೆಯನ್ನು.

ಬಾಗಿಲಿನ ಕೆಳಭಾಗದಲ್ಲಿ ಕಂಪನಿಯೇ ಕೊಟ್ಟಿದ್ದ 5 ವ್ಯಾಟ್‌ನ ಚಿಕ್ಕ ಬಲ್ಬುಗಳಿದ್ದವು. ಅಂಗಡಿಯವರು ಅದನ್ನು ಟಿ10 ಎನ್ನುತ್ತಾರೆ. ಮೊದಲು ಅವುಗಳ ಜಾಗಕ್ಕೆ 6000 ಕೆಲ್ವಿನ್‌ನ (ಇದು ಬೆಳಕಿನ ಬಣ್ಣದ ಅಳತೆ) ಬಿಳಿ ಎಲ್‌ಇಡಿ ಹಾಕಿದೆ. ಬೆಳಕು ಹೆಚ್ಚಿತು, ಆದರೆ ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಹೊಡೆಯುತ್ತಿತ್ತು. "ಆಸ್ಪತ್ರೆಯ ವಾರ್ಡಿನ ಹಾಗಿದೆ" ಎಂದು ಅಮ್ಮ ಮುಖ ತಿರುಗಿಸಿಕೊಂಡರು. ಭಾನುವಾರದ ಸಂಜೆ ಅರಮನೆಯ ದೀಪ ಹೊತ್ತಿಕೊಂಡಾಗ ಅಷ್ಟು ಸಾವಿರ ಬಲ್ಬುಗಳನ್ನು ಒಟ್ಟಿಗೆ ನೋಡಿದರೂ ಕಣ್ಣು ನೋಯದಿರುವುದಕ್ಕೆ ಆ ಹೊಂಬಣ್ಣವೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ. ಬಿಳಿಯದನ್ನು ತೆಗೆದು 3000 ಕೆಲ್ವಿನ್‌ನ ಹಳದಿ ಛಾಯೆಯ ಎಲ್‌ಇಡಿ ಹಾಕಿದೆ, ಈಗ ಹಿತವಾಗಿದೆ.

ಎರಡನೆಯದಾಗಿ, ಮುಂದಿನ ಎರಡು ಸೀಟುಗಳ ಅಡಿಯಲ್ಲಿ, ಹಿಂದೆ ಕೂತವರ ಪಾದದ ಕಡೆಗೆ ಬೆಳಕು ಬೀಳುವಂತೆ, ತಲಾ 30 ಸೆಂಟಿಮೀಟರ್ ಎಲ್‌ಇಡಿ ಪಟ್ಟಿಯನ್ನು ಹಾಲುಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಪಟ್ಟಿಯೊಳಗೆ ಕೂರಿಸಿದೆ. ಬೆಳಕು ಕಾಣಬೇಕು, ಬಲ್ಬು ಕಾಣಬಾರದು ಎಂಬ ಒಂದೇ ನಿಯಮವನ್ನು ಇಟ್ಟುಕೊಂಡಿದ್ದೆ. ಮೀಟರಿಗೆ 60 ಎಲ್‌ಇಡಿ ಇರುವ ಪಟ್ಟಿಯಲ್ಲಿ ಎರಡು ಬಗೆ ಸಿಗುತ್ತವೆ: 3528 ಎಂಬ ಚಿಕ್ಕ ಎಲ್‌ಇಡಿಯದು ಮೀಟರಿಗೆ 4.8 ವ್ಯಾಟ್, 5050 ಎಂಬ ದೊಡ್ಡದು 14.4 ವ್ಯಾಟ್. ಪಾದದ ಬೆಳಕಿಗೆ ಚಿಕ್ಕದೇ ಬೇಕಾದಷ್ಟಾಯಿತು. ಬೇರೆ ಬೇರೆ ಬಣ್ಣಕ್ಕೆ ತಿರುಗುವ ಪಟ್ಟಿಗಳೂ ಅದೇ ಬೆಲೆಗೆ ಸಿಗುತ್ತವೆ. ರಾತ್ರಿ ಕಾರು ಓಡಿಸುವವನ ಕಣ್ಣಿನ ಅಂಚಿನಲ್ಲಿ ಬಣ್ಣ ಕುಣಿಯುವುದು ಸರಿಯಲ್ಲವೆಂದು ನಾನು ಅದನ್ನು ಕೊಳ್ಳಲಿಲ್ಲ.

ಈಗ ನನ್ನ ಪ್ರಶ್ನೆ. ನಂಬರ್ ಪ್ಲೇಟಿನ ಬಲ್ಬಿಗೂ ಎಲ್‌ಇಡಿ ಹಾಕಿದ ದಿನದಿಂದ ಮೀಟರ್ ಬೋರ್ಡಿನಲ್ಲಿ "ದೀಪ ಕೆಟ್ಟಿದೆ" ಎಂಬ ಎಚ್ಚರಿಕೆ ಬರುತ್ತಿದೆ. ದೀಪವೇನೋ ಉರಿಯುತ್ತಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಮಂಡ್ಯ, ವಾಹನಗಳ ವಿದ್ಯುತ್ ಕೆಲಸ ಮಾಡುವವರು

ಸರ್, ನಿಮ್ಮ ಎಲ್‌ಇಡಿಯಲ್ಲಿ ದೋಷವಿಲ್ಲ. ಇಂಥ ಕಾರುಗಳಲ್ಲಿ ಬಲ್ಬು ಉರಿಯುತ್ತಿದೆಯೇ ಎಂದು ಕಂಪ್ಯೂಟರ್ ಕಣ್ಣಿನಿಂದ ನೋಡುವುದಿಲ್ಲ, ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಅಳೆಯುತ್ತದೆ. 5 ವ್ಯಾಟ್‌ನ ತಂತಿ ಬಲ್ಬು, ಎಂದರೆ ಒಳಗಿನ ಎಳೆ ಕಾದು ಉರಿಯುವ ಹಳೆಯ ಬಗೆಯದು, ಸುಮಾರು 0.4 ಆಂಪಿಯರ್ ಎಳೆಯುತ್ತದೆ; ಎಲ್‌ಇಡಿ ಅದರ ಕಾಲುಭಾಗವನ್ನೂ ಎಳೆಯುವುದಿಲ್ಲ. ಹೀಗಾಗಿ ಬಲ್ಬು ಸುಟ್ಟುಹೋಗಿದೆ ಎಂದು ಅದು ತೀರ್ಮಾನಿಸುತ್ತದೆ. ಕೆಲವು ಕಾರುಗಳಲ್ಲಿ ದೀಪ ಆರಿಸಿದ್ದಾಗಲೂ ಪರೀಕ್ಷೆಗಾಗಿ ಆಗಾಗ ಸಣ್ಣ ಮಿಡಿತವೊಂದನ್ನು ಕಳುಹಿಸುತ್ತಾರೆ. ತಂತಿ ಬಲ್ಬು ಅಷ್ಟಕ್ಕೆ ಹೊತ್ತಿಕೊಳ್ಳುವುದಿಲ್ಲ, ಎಲ್‌ಇಡಿ ಮಿನುಗುತ್ತದೆ. ಆ ಮಿನುಗನ್ನು ಕಂಡು ವೈರಿಂಗ್ ಕೆಟ್ಟಿದೆಯೆಂದು ಹೆದರಿ ಬರುವವರು ಬಹಳ ಮಂದಿ.

"ಕ್ಯಾನ್‌ಬಸ್" ಎಂದು ಬರೆದು ಮಾರುವ ಎಲ್‌ಇಡಿಗಳ ಒಳಗೆ ಒಂದು ರೆಸಿಸ್ಟರ್ ಇರುತ್ತದೆ. ಅದು ಸುಮ್ಮನೆ ಕರೆಂಟ್ ಕುಡಿದು, ಬಿಸಿಯಾಗಿ, ಕಂಪ್ಯೂಟರನ್ನು ಸಮಾಧಾನಪಡಿಸುತ್ತದೆ. ಬಾಗಿಲು ತೆರೆದಾಗ ಮಾತ್ರ ಉರಿಯುವ ದೀಪಕ್ಕೆ ಇದು ನಡೆಯುತ್ತದೆ. ನಂಬರ್ ಪ್ಲೇಟಿನ ದೀಪ ಗಂಟೆಗಟ್ಟಲೆ ಉರಿಯಬೇಕು, ಅದರ ಗೂಡು ಇಕ್ಕಟ್ಟು, ಪ್ಲಾಸ್ಟಿಕ್ಕು ತೆಳು. ಅಲ್ಲಿ ಬಿಸಿಗೆ ಮುಚ್ಚಳ ಬಾಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನನ್ನ ಸಲಹೆಯೆಂದರೆ ನಂಬರ್ ಪ್ಲೇಟಿಗೆ ಹಳೆಯ ತಂತಿ ಬಲ್ಬನ್ನೇ ಮತ್ತೆ ಹಾಕಿಬಿಡಿ. ಇಂಡಿಕೇಟರ್‌ಗಳ ತಂಟೆಗಂತೂ ಹೋಗಬೇಡಿ. ಅಲ್ಲಿ 21 ವ್ಯಾಟ್‌ನ ಬಲ್ಬಿರುತ್ತದೆ. ಅದರ ಬದಲಿಗೆ ಎಲ್‌ಇಡಿ ಹಾಕಿ, ಜೊತೆಗೆ 6 ಓಮ್‌ನ ರೆಸಿಸ್ಟರ್ ಕಟ್ಟಿದರೆ, ಉರಿಯುವಷ್ಟು ಹೊತ್ತೂ ಅದು 30 ವ್ಯಾಟ್‌ನಷ್ಟು ಶಾಖ ಕಕ್ಕುತ್ತದೆ. ಅದನ್ನು ಬಂಪರಿನ ಪ್ಲಾಸ್ಟಿಕ್ಕಿಗೆ ಅಂಟಿಸುವವರಿದ್ದಾರೆ, ಅದು ಬೆಂಕಿಗೆ ದಾರಿ ಮಾಡಿಕೊಟ್ಟಂತೆ.

ಸೀಟಿನಡಿಯ ಪಟ್ಟಿಗೆ ಕರೆಂಟ್ ಎಲ್ಲಿಂದ ತೆಗೆದುಕೊಂಡಿದ್ದೀರಿ ಎಂದು ಬರೆದಿಲ್ಲ. ಕಂಪನಿಯ ತಂತಿಯನ್ನು ಕತ್ತರಿಸಬೇಡಿ, ಸಿಪ್ಪೆ ಸುಲಿದು ಟೇಪ್ ಸುತ್ತಬೇಡಿ. ಫ್ಯೂಸಿನ ಜಾಗದಲ್ಲೇ ಕೂರುವ, ಎರಡು ಫ್ಯೂಸಿಗೆ ಎಡೆಯಿರುವ ಪಿಗ್ಗಿಬ್ಯಾಕ್ ಎಂಬ ಕವಲು ಹೋಲ್ಡರ್ ಸಿಗುತ್ತದೆ. ಕೀ ಹಾಕಿದಾಗ ಮಾತ್ರ ಜೀವ ಬರುವ ಫ್ಯೂಸನ್ನು ಟೆಸ್ಟರ್‌ನಿಂದ ಹುಡುಕಿ ಅಲ್ಲಿ ಅದನ್ನು ಕೂರಿಸಿ, ನಿಮ್ಮ ಪಟ್ಟಿಗೆ 2 ಆಂಪಿಯರ್ ಫ್ಯೂಸ್ ಹಾಕಿ. ಬೇಡವೆಂದಾಗ ಹೋಲ್ಡರ್ ಎಳೆದರೆ ಕಾರು ಮೊದಲಿದ್ದಂತೆಯೇ ಆಗುತ್ತದೆ. ಇನ್ನೊಂದು ಮಾತು: 12 ವೋಲ್ಟ್ ಎಂದು ಬರೆದ ಪಟ್ಟಿಗೆ ಎಂಜಿನ್ ಓಡುವಾಗ 14 ವೋಲ್ಟ್‌ಗೂ ಮೇಲೆ ಸಿಗುತ್ತದೆ. ನಡುವೆ 12 ವೋಲ್ಟ್‌ಗೆ ಇಳಿಸುವ ಸಣ್ಣ ರೆಗ್ಯುಲೇಟರ್ ಇಟ್ಟರೆ ಪಟ್ಟಿ ಬೇಗ ಕಂದುವುದಿಲ್ಲ.

ಶ್ರೀರಂಗಪಟ್ಟಣ

ಒಳಗಿನ ಬೆಳಕಿನ ಚರ್ಚೆ ಉಪಯುಕ್ತವಾಗಿದೆ, ಆದರೆ ನನ್ನ ಕಷ್ಟವೆಲ್ಲ ಹೊರಗಿನ ಬೆಳಕಿನದು. ಎಕ್ಸ್‌ಪ್ರೆಸ್‌ವೇ ಬಿಟ್ಟು ಒಳರಸ್ತೆಗೆ ಇಳಿದ ಮೇಲೆ, ಕಬ್ಬು ಕಟಾವಿನ ಕಾಲದಲ್ಲಿ, ಹಿಂದೆ ಒಂದು ದೀಪವೂ ಇಲ್ಲದ ಟ್ರ್ಯಾಕ್ಟರ್ ಟ್ರೈಲರುಗಳು ಕಬ್ಬಿನ ರಾಶಿ ಹೊತ್ತು ರಸ್ತೆಯ ತುಂಬ ನಿಧಾನವಾಗಿ ಸಾಗುತ್ತಿರುತ್ತವೆ. ನಾಲೆಯ ಏರಿಯ ಮೇಲಿನ ರಸ್ತೆಗಳಲ್ಲಿ ಪಕ್ಕಕ್ಕೆ ಜರುಗಲೂ ಜಾಗವಿರುವುದಿಲ್ಲ. ನನ್ನದೂ ಹತ್ತು ವರ್ಷ ಹಳೆಯ ಸೆಡಾನ್, ಎಚ್7 ಹ್ಯಾಲೊಜನ್ ಬಲ್ಬಿನದು. ಕತ್ತಲಲ್ಲಿ ಕಾಣುವುದಿಲ್ಲವೆಂದು ಎರಡು ಸಾವಿರ ರೂಪಾಯಿಯ ಎಲ್‌ಇಡಿ ಬಲ್ಬು ಹಾಕಿಸಿದೆ. ಮುಂದೆ ಹತ್ತಿರದ ನೆಲವೇನೋ ಹಾಲು ಚೆಲ್ಲಿದಂತೆ ಬೆಳಗುತ್ತದೆ. ಆದರೆ ದೂರದ್ದು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದೆಯೆಂದು ನನಗೆ ಅನ್ನಿಸುತ್ತಿಲ್ಲ, ಎದುರಿನವರೆಲ್ಲ ಡಿಪ್ ಮಾಡು ಎಂದು ದೀಪ ಮಿನುಗಿಸುತ್ತಾರೆ. ನಾನು ಡಿಪ್‌ನಲ್ಲೇ ಇರುತ್ತೇನೆ. ಇದಕ್ಕೇನು ಪರಿಹಾರ?

ವಿಜಯನಗರ, ಮೈಸೂರು

ಶ್ರೀರಂಗಪಟ್ಟಣದವರ ಅನುಭವ ಶಾಸ್ತ್ರಕ್ಕೆ ಸರಿಯಾಗಿ ಹೊಂದುತ್ತದೆ. ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುವವಳು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹ್ಯಾಲೊಜನ್ ಬಲ್ಬಿನಲ್ಲಿ ಬೆಳಕು ಹುಟ್ಟುವುದು ಕೆಲವೇ ಮಿಲಿಮೀಟರ್ ಉದ್ದದ, ಕೂದಲೆಳೆಯ ದಪ್ಪದ ತಂತಿಯ ಸುರುಳಿಯಲ್ಲಿ. ಅದರ ಹಿಂದಿರುವ ಕನ್ನಡಿಯ ಬಾಗನ್ನು ಆ ಸುರುಳಿ ನಿಂತಿರುವ ಜಾಗವನ್ನೇ ಲೆಕ್ಕಕ್ಕೆ ಹಿಡಿದು ರೂಪಿಸಿರುತ್ತಾರೆ. ಸುರುಳಿ ಒಂದು ಮಿಲಿಮೀಟರ್ ಆಚೀಚೆಯಾದರೂ ಬೆಳಕು ಬೀಳುವ ಜಾಗ ಬದಲಾಗುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಆ ಜಾಗದಲ್ಲಿರುವುದು ಒಂದು ಲೋಹದ ಪಟ್ಟಿ, ಅದರ ಎರಡು ಬದಿಗೆ ಅಂಟಿಸಿದ ಚಿಪ್ಪುಗಳು. ಪಟ್ಟಿಗೆ ದಪ್ಪವಿದೆ, ಚಿಪ್ಪುಗಳಿಗೆ ಅಗಲವಿದೆ, ಮೇಲೆ ಕೆಳಗೆ ಬೆಳಕು ಸಮನಾಗಿ ಹರಡುವುದಿಲ್ಲ. ಹೀಗಾಗಿ ಡಿಪ್ ಬೆಳಕಿನ ಮೇಲಂಚು ಚದುರಿ ಎದುರಿನವರ ಕಣ್ಣಿಗೆ ಹೋಗುತ್ತದೆ, ದೂರಕ್ಕೆ ಸೇರಬೇಕಾದ ಬೆಳಕು ಬಾನೆಟ್ಟಿನ ಮುಂದೆಯೇ ಚೆಲ್ಲುತ್ತದೆ. ಹತ್ತಿರದ ನೆಲ ಬಹಳ ಬೆಳಗಿದಾಗ ಕಣ್ಣಿನ ಪಾಪೆ ಕುಗ್ಗುವುದರಿಂದ ದೂರದ ಮಂದ ವಸ್ತು ಇನ್ನೂ ಕಾಣದಾಗುತ್ತದೆ. ದೀಪವಿಲ್ಲದ ಕಬ್ಬಿನ ಟ್ರೈಲರ್ ನಿಮಗೆ ಕಾಣಬೇಕಾದದ್ದು ನೂರು ಮೀಟರ್ ದೂರದಲ್ಲಿ, ಹತ್ತು ಮೀಟರ್‌ನಲ್ಲಿ ಅಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. ಕಾರಿನ ದೀಪದ ಗೂಡಿಗೆ ಅನುಮೋದನೆ ಸಿಕ್ಕಿರುವುದು ಅದಕ್ಕೆಂದೇ ನಿಗದಿಯಾದ ಬಲ್ಬಿನೊಂದಿಗೆ. ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ವಿರುದ್ಧ ರಾಜ್ಯದ ಪೊಲೀಸರು 2024ರ ಜುಲೈನಿಂದ ಮೋಟಾರು ವಾಹನ ಕಾಯ್ದೆಯ 177ನೆಯ ಕಲಮಿನಡಿ ಪ್ರಕರಣ ದಾಖಲಿಸಲಾರಂಭಿಸಿದರು. ದಂಡ ದೊಡ್ಡದಲ್ಲವೆಂಬುದು ನಿಜ. ಆದರೆ ನಾಲೆಯ ಏರಿಯ ಮೇಲೆ ಎದುರಿನ ಬೈಕಿನವನಿಗೆ ಎರಡು ಕ್ಷಣ ಕಣ್ಣು ಕತ್ತಲಿಟ್ಟರೆ ಆಗುವ ಅನಾಹುತವನ್ನು ದಂಡದಿಂದ ಅಳೆಯಲಾಗುವುದಿಲ್ಲ. ದಯವಿಟ್ಟು ಆ ಬಲ್ಬುಗಳನ್ನು ಇಂದೇ ತೆಗೆಯಿರಿ.

ಬದಲಿಗೆ ಏನು ಮಾಡಬಹುದು? ಹೊಸ, ಒಳ್ಳೆಯ ಗುಣಮಟ್ಟದ 55 ವ್ಯಾಟ್‌ನ ಎಚ್7 ಜೋಡಿಯನ್ನು ಹಾಕಿ. ಎರಡೂ ಬಲ್ಬುಗಳು ಒಂದೇ ಸಮನಾಗಿ ಸವೆದಿರುತ್ತವೆ, ಆದ್ದರಿಂದ ಒಂದು ಕೆಟ್ಟಾಗ ಎರಡನ್ನೂ ಬದಲಿಸುವುದು ಒಳ್ಳೆಯದು. ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಎಣ್ಣೆಯ ಗುರುತಿರುವ ಕಡೆ ಗಾಜು ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. 100 ವ್ಯಾಟ್‌ನ ಬಲ್ಬು ಹಾಕಿಕೊಳ್ಳಿ ಎನ್ನುವವರ ಮಾತು ಕೇಳಬೇಡಿ. 55 ವ್ಯಾಟ್‌ಗೆ ನಾಲ್ಕೂವರೆ ಆಂಪಿಯರ್‌ನಷ್ಟು ಹರಿಯುವ ತಂತಿಯಲ್ಲಿ ಎಂಟು ಆಂಪಿಯರ್‌ಗೂ ಹೆಚ್ಚು ಹರಿದರೆ ಹೋಲ್ಡರ್ ಕರಗುತ್ತದೆ.

ಹೋಲ್ಡರಿನ ಪಿನ್ನುಗಳು ಕಪ್ಪಗಾಗಿವೆಯೇ, ಅರ್ತ್ ಕೊಟ್ಟಿರುವ ಬೋಲ್ಟು ತುಕ್ಕು ಹಿಡಿದಿದೆಯೇ ಎಂದು ನೋಡಿ. ಹ್ಯಾಲೊಜನ್ನಿನ ಬೆಳಕು ವೋಲ್ಟೇಜಿನ ಜೊತೆ ಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. ಬಲ್ಬಿನ ಬಾಯಿಗೆ ತಲುಪುವ ವೋಲ್ಟೇಜು ಶೇಕಡಾ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30ರಷ್ಟು ಕಡಿಮೆಯಾಗುತ್ತದೆ. ಮರಳು ಕಾಗದದಿಂದ ಅರ್ತ್ ಬೋಲ್ಟು ಉಜ್ಜುವುದಕ್ಕೆ ಖರ್ಚೇ ಇಲ್ಲ.

ಆಮೇಲೆ ದೀಪದ ಮಟ್ಟ. ಚಕ್ರಗಳ ಗಾಳಿ ಸರಿಮಾಡಿ, ಓಡಿಸುವವರು ಸೀಟಿನಲ್ಲಿ ಕೂತಿರುವಾಗ, ಸಮತಟ್ಟಾದ ನೆಲದಲ್ಲಿ ಕಾರನ್ನು ಗೋಡೆಯಿಂದ 10 ಮೀಟರ್ ದೂರಕ್ಕೆ ನಿಲ್ಲಿಸಿ. ದೀಪದ ನಡುಮಧ್ಯ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಟೇಪ್ ಅಂಟಿಸಿ. ದೀಪದ ಗೂಡಿನ ಮೇಲೋ ಬಾನೆಟ್ಟಿನ ಒಳಗಿನ ಚೀಟಿಯಲ್ಲೋ ಶೇಕಡಾ 1.0 ಅಥವಾ 1.2 ಎಂಬಂಥ ಅಂಕಿಯಿರುತ್ತದೆ. ಡಿಪ್ ಬೆಳಕಿನ ಮೇಲಂಚು ಟೇಪಿಗಿಂತ ಅಷ್ಟು, ಎಂದರೆ 10ರಿಂದ 12 ಸೆಂಟಿಮೀಟರ್, ಕೆಳಗಿರಬೇಕು. ಹಿಂದಿನ ತಿರುಪುಗಳನ್ನು ತಿರುಗಿಸಿ ಇದನ್ನು ಹೊಂದಿಸಬಹುದು. ನಮ್ಮಲ್ಲಿ ಎಡಬದಿಯ ಸಂಚಾರವಾದ್ದರಿಂದ ಬೆಳಕಿನ ಅಂಚು ಎಡಗಡೆ ಮಾತ್ರ ಸ್ವಲ್ಪ ಮೇಲೇರಬೇಕು. ಬಲಬದಿಯ ಸಂಚಾರವಿರುವ ದೇಶಗಳಿಂದ ತರಿಸಿದ ಹಳೆಯ ಹೆಡ್‌ಲೈಟ್ ಸೆಟ್ಟುಗಳು ಅಗ್ಗವಾಗಿ ಸಿಗುತ್ತವೆಂದು ಕೊಂಡವರಿದ್ದಾರೆ. ಅವುಗಳ ಬೆಳಕು ಬಲಕ್ಕೆ ಏರುತ್ತದೆ, ನೇರವಾಗಿ ಎದುರಿನ ಚಾಲಕರ ಮುಖಕ್ಕೆ.

ಕುವೆಂಪುನಗರ, ಮೈಸೂರು

ಮೇಡಂ, ನಿಮ್ಮ ವಿವರಣೆಗೆ ಕೃತಜ್ಞ. ಮಂಡ್ಯದವರು ಹೇಳಿದಂತೆ ನಂಬರ್ ಪ್ಲೇಟಿಗೆ ಹಳೆಯ ಬಲ್ಬನ್ನು ಹಾಕಿದೆ, ಎಚ್ಚರಿಕೆ ನಿಂತಿತು.

ಹೊರಗಿನ ಬೆಳಕಿನ ವಿಷಯದಲ್ಲಿ ನನಗೆ ಅತಿ ಹೆಚ್ಚು ಲಾಭ ತಂದದ್ದು ಬಲ್ಬೂ ಅಲ್ಲ, ತಿರುಪೂ ಅಲ್ಲ, ಗಾಜನ್ನು ಉಜ್ಜಿದ್ದು. ನಾವು ಗಾಜು ಎನ್ನುತ್ತೇವೆಯೇ ಹೊರತು ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಬಿಸಿಲಿನ ಅತಿನೇರಳೆ ಕಿರಣ ತಾಕದಂತೆ ಅದರ ಮೇಲೆ ತೆಳುವಾದ ಲೇಪವಿರುತ್ತದೆ. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಆ ಲೇಪ ಮೊದಲು ಕೆಡುತ್ತದೆ, ಬಳಿಕ ಪ್ಲಾಸ್ಟಿಕ್ಕು ಹಳದಿಯಾಗುತ್ತದೆ. ನನ್ನ ಕಾರು ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಿದ್ದುದರಿಂದ ಬೆಳಗಿನ ಬಿಸಿಲೆಲ್ಲ ಮುಖಕ್ಕೇ ಬೀಳುತ್ತಿತ್ತು.

ಮೊದಲು ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಅಂಟಿಸಿದೆ. ಬಣ್ಣದಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ಕೊಡುತ್ತಾರೆ; 800, 1000, 1500, 2000, 3000 ಹೀಗೆ ಐದು ನಂಬರಿನವನ್ನು ತಂದು, ಸಾಬೂನು ನೀರು ಸುರಿಯುತ್ತ, ಒಂದೊಂದನ್ನೂ ಹಿಂದಿನದಕ್ಕೆ ಅಡ್ಡ ದಿಕ್ಕಿನಲ್ಲಿ ಉಜ್ಜಿದೆ. ಅಡ್ಡ ದಿಕ್ಕಿನಲ್ಲಿ ಉಜ್ಜಿದರೆ ಹಿಂದಿನ ಕಾಗದದ ಗೀರುಗಳು ಹೋಗಿವೆಯೋ ಇಲ್ಲವೋ ಎಂಬುದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಆರಂಭದಲ್ಲಿ ಹಾಲಿನಂತೆ ಮಸುಕಾಗುವುದನ್ನು ಕಂಡು ದೀಪವನ್ನೇ ಹಾಳುಮಾಡಿಕೊಂಡೆನೆಂದು ಎದೆ ಧಸಕ್ಕೆಂದಿತು. 2000 ದಾಟಿದ ಮೇಲೆ ತಿಳಿಯಾಗತೊಡಗಿತು. ಕೊನೆಗೆ ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತನೆಯ ಬಟ್ಟೆಯಿಂದ ತಿಕ್ಕಿದೆ. ಎರಡು ದೀಪಕ್ಕೆ ಮೂರು ಗಂಟೆ ಹಿಡಿಯಿತು.

ಇಲ್ಲಿಗೆ ಕೆಲಸ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ, ಏಕೆಂದರೆ ಉಳಿದಿದ್ದ ಲೇಪವನ್ನೂ ನಾವೇ ಉಜ್ಜಿ ತೆಗೆದಿರುತ್ತೇವೆ. ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಲೇಪವನ್ನು ಮತ್ತೆ ಹಚ್ಚಲೇಬೇಕು. ಎರಡು ದ್ರವ ಬೆರೆಯುವ ಬಗೆಯ ಸ್ಪ್ರೇ ಹೆಚ್ಚು ಕಾಲ ಬರುತ್ತದೆ. ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದಾದ್ದರಿಂದ, ಬಯಲಿನಲ್ಲಿ ನಿಂತು, ರಾಸಾಯನಿಕ ಆವಿ ತಡೆಯುವ ಮುಖವಾಡ ಧರಿಸಿಯೇ ಸಿಂಪಡಿಸಬೇಕು. ಬಟ್ಟೆಯ ಮಾಸ್ಕ್ ಸಾಲದು. ಅದು ಬೇಡವೆನ್ನುವವರಿಗೆ ಬಟ್ಟೆಯಲ್ಲಿ ಒರೆಸುವ ಲೇಪವಿದೆ, ಆದರೆ ಅದನ್ನು ಆಗಾಗ ಹಚ್ಚುತ್ತಿರಬೇಕು. ಟೂತ್‌ಪೇಸ್ಟಿನಿಂದ ಉಜ್ಜುವುದು ಎರಡು ವಾರದ ಹೊಳಪಷ್ಟೇ. ಮಸುಕು ಒಳಭಾಗದಲ್ಲಿದ್ದರೆ ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ; ಆಗ ಗೂಡಿನ ಗಾಳಿರಂಧ್ರ ಮುಚ್ಚಿದೆಯೇ, ಹಿಂದಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಬೇಕು.

ಮದ್ದೂರು

ನನ್ನದೊಂದು ತಪ್ಪನ್ನು ಇಲ್ಲಿ ಬರೆಯುವುದರಿಂದ ಇನ್ನೊಬ್ಬರಿಗೆ ಉಪಕಾರವಾದೀತು. ಸೀಟಿನಡಿ, ಡ್ಯಾಶ್‌ಬೋರ್ಡಿನಡಿ ಎಲ್‌ಇಡಿ ಹಾಕಿ, ಸುಲಭಕ್ಕೆ ಸಿಕ್ಕಿದ ಫ್ಯೂಸಿನಿಂದ ಕರೆಂಟ್ ಕೊಟ್ಟೆ. ಅದು ಕೀ ತೆಗೆದರೂ ಜೀವವಿರುವ ಫ್ಯೂಸ್ ಎಂಬುದನ್ನು ನೋಡಲಿಲ್ಲ. ಹಗಲಿನಲ್ಲಿ ದೀಪ ಉರಿಯುತ್ತಿರುವುದು ಗೊತ್ತಾಗಲಿಲ್ಲ. ವಾರ ಬಿಟ್ಟು ಊರಿನಿಂದ ಬಂದಾಗ ಬಾಗಿಲಿನ ಲಾಕ್ ಕೂಡ ತೆರೆಯಲಿಲ್ಲ, ರಿಮೋಟಿನೊಳಗೆ ಅಡಗಿರುವ ಲೋಹದ ಕೀಲಿಯಿಂದ ಕೈಯಾರೆ ತೆರೆಯಬೇಕಾಯಿತು. ಇಂಥ ಕಾರಿನ ಎಜಿಎಂ ಎಂಬ ವಿಶೇಷ ಬಗೆಯ ಬ್ಯಾಟರಿಯ ಬೆಲೆ ಗೊತ್ತಿರುವವರಿಗೆ ನನ್ನ ಸಂಕಟ ಅರ್ಥವಾದೀತು.

ಮಂಡ್ಯ, ವಾಹನಗಳ ವಿದ್ಯುತ್ ಕೆಲಸ ಮಾಡುವವರು

ಮದ್ದೂರಿನವರ ಲೆಕ್ಕ ಸರಳವಾಗಿದೆ. ಅಷ್ಟು ಪಟ್ಟಿಗಳು 0.4 ಆಂಪಿಯರ್ ಎಳೆದರೂ 80 ಆಂಪಿಯರ್ ಅವರ್‌ನ ಹೊಸ ಬ್ಯಾಟರಿ 200 ಗಂಟೆಗೆ, ಎಂದರೆ ಸುಮಾರು ಎಂಟು ದಿನಕ್ಕೆ ಪೂರ್ತಿ ಬರಿದಾಗುತ್ತದೆ. ಹಳೆಯದಾದರೆ ಇನ್ನೂ ಬೇಗ. ಎಲ್ಲವೂ ಸರಿಯಿರುವ ಕಾರು ಮಲಗಿದ ಮೇಲೆ 50 ಮಿಲಿ ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತದೆ. ಹಾಗಾಗಿ ಯಾವುದೇ ದೀಪ ಹಾಕಿದ ಮೇಲೆ ಒಮ್ಮೆ ಅಳೆಯಲೇಬೇಕು. ಬ್ಯಾಟರಿ ಬಿಚ್ಚದೆ ಅಳೆಯುವ ಡಿಸಿ ಕ್ಲಾಂಪ್ ಮೀಟರನ್ನು ಯಾರಿಂದಲಾದರೂ ಎರವಲು ತನ್ನಿ. ಕಾರು ಲಾಕ್ ಮಾಡಿ, ಬ್ಯಾಟರಿ ಡಿಕ್ಕಿಯಲ್ಲಿದ್ದರೆ ಡಿಕ್ಕಿಯ ಚಿಲಕವನ್ನು ಸ್ಕ್ರೂ ಡ್ರೈವರ್‌ನಿಂದ ಒತ್ತಿ ಮುಚ್ಚಿದೆಯೆಂದು ಕಾರನ್ನು ನಂಬಿಸಿ, ಅರ್ಧ ಗಂಟೆ ಕಾಯಿರಿ. ಅಷ್ಟರೊಳಗೆ ಅಳೆದರೆ ಕಂಪ್ಯೂಟರುಗಳು ಇನ್ನೂ ಎಚ್ಚರವಿರುತ್ತವೆ, ಸುಮ್ಮನೆ ಗಾಬರಿಯಾಗುತ್ತದೆ.

ಅರ್ತ್ ತಂತಿಯನ್ನು ಬ್ಯಾಟರಿಯ ಮೈನಸ್ ತುದಿಗೆ ನೇರವಾಗಿ ಕಟ್ಟಬೇಡಿ. ಅಲ್ಲಿ ಬ್ಯಾಟರಿಯ ಲೆಕ್ಕ ಇಡುವ ಸೆನ್ಸರ್ ಇರುತ್ತದೆ, ಅದನ್ನು ದಾಟಿ ಹೋದ ಕರೆಂಟು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಬಾಡಿಯಲ್ಲಿ ಕಂಪನಿಯೇ ಕೊಟ್ಟಿರುವ ಅರ್ತ್ ಬೋಲ್ಟಿಗೆ ಕಟ್ಟಿ. ಹಳದಿ ಬಣ್ಣದ ಕನೆಕ್ಟರುಗಳು ಏರ್‌ಬ್ಯಾಗಿನವು. ಸೀಟಿನಡಿ ಕೈ ಹಾಕುವಾಗ ಅವನ್ನು ಮುಟ್ಟಬೇಡಿ, ಬಿಚ್ಚಬೇಡಿ, ಪಕ್ಕದಲ್ಲಿ ತಂತಿಯನ್ನೂ ಕಟ್ಟಬೇಡಿ. ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ತಂತಿ ಎಳೆಯುವುದೂ ಬೇಡ, ಅಲ್ಲಿಂದ ಪರದೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತದೆ. ಹೆಡ್‌ಲೈಟ್ ಕ್ಸೆನಾನ್, ಎಂದರೆ ಅನಿಲದಲ್ಲಿ ಕಿಡಿ ಹಾರಿಸಿ ಹೊತ್ತಿಸುವ ಬಗೆಯದು, ಆಗಿದ್ದವರು ಅದನ್ನು ತಾವೇ ಬಿಚ್ಚಬಾರದು. ಹೊತ್ತಿಸುವ ಕ್ಷಣದಲ್ಲಿ ಅಲ್ಲಿ 20,000 ವೋಲ್ಟ್‌ಗೂ ಮೇಲೆ ಇರುತ್ತದೆ.

ಸರಸ್ವತಿಪುರಂ, ಮೈಸೂರು

ಕುವೆಂಪುನಗರದವರು ಹಿಂದಿನ ಸೀಟಿನ ವಿಷಯವನ್ನು ಒಂದೇ ಸಾಲಿನಲ್ಲಿ ಬಿಟ್ಟಿದ್ದಾರೆ. ನಮ್ಮ ಅತ್ತೆಯವರನ್ನು ಐದು ವರ್ಷ ಇಂಥದ್ದೇ ಕಾರಿನಲ್ಲಿ ಕರೆದುಕೊಂಡು ಓಡಾಡಿದ್ದರಿಂದ ನನಗೆ ತಿಳಿದದ್ದನ್ನು ಬರೆಯುತ್ತೇನೆ.

ದೊಡ್ಡ ಸೆಡಾನಿನ ಹಿಂದಿನ ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ. ಯುವಕರಿಗೆ ಅದು ಸುಖ, ಮಂಡಿ ನೋವಿನವರಿಗೆ ಎದ್ದೇಳಲಾರದ ಗುಂಡಿ. ಸೀಟ್ ಕುಶನ್ ಮಾಡುವ ಅಂಗಡಿಯಲ್ಲಿ ಗಟ್ಟಿಯಾದ ಫೋಮನ್ನು ಹಿಂದೆ ಎರಡು ಇಂಚು, ಮುಂದೆ ಅರ್ಧ ಇಂಚು ಬರುವಂತೆ ಓರೆಯಾಗಿ ಕತ್ತರಿಸಿಕೊಡುತ್ತಾರೆ. ಅದಕ್ಕೆ ಹತ್ತಿ ಬಟ್ಟೆಯ ಗವಸು ಹೊಲಿಸಿ, ಅಡಿಗೆ ಜಾರದ ರಬ್ಬರ್ ಜಾಲರಿ ಹಾಕಿದರೆ ಐನೂರು ರೂಪಾಯಿಯೊಳಗೆ ಮುಗಿಯುತ್ತದೆ. ಮೆತ್ತನೆಯ ಫೋಮ್ ಹಾಕಿಸಬೇಡಿ, ಕೂತ ಕೂಡಲೇ ಅಪ್ಪಚ್ಚಿಯಾಗುತ್ತದೆ. ಎತ್ತರಿಸಿದ ಮೇಲೂ ಬೆಲ್ಟ್ ಹೊಟ್ಟೆಯ ಮೇಲೆ ಬರದೆ ಸೊಂಟದ ಮೂಳೆಯ ಮೇಲೆಯೇ ಬರುತ್ತಿದೆಯೇ ಎಂದು ನೋಡಿಕೊಳ್ಳಿ. ಮುಂದಿನ ಸೀಟಿಗೆ ಇಂಥ ದಿಂಬು ಬೇಡ, ಯಾರಾದರೂ ಕೂತಿದ್ದಾರೆಯೇ ಎಂದು ಗುರುತಿಸುವ ಸೆನ್ಸರ್ ಅಲ್ಲಿರುತ್ತದೆ. ಇಡೀ ಸೀಟನ್ನು ಮುಚ್ಚುವ ಕವರುಗಳನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಸೀಟಿನ ಪಕ್ಕದ ಹೊಲಿಗೆಯಿಂದಲೇ ಏರ್‌ಬ್ಯಾಗ್ ಹೊರಬರಬೇಕು.

ಬಾಗಿಲು ಹಿಡಿದುಕೊಳ್ಳಲು ಕಂಬದಲ್ಲಿ ಗಟ್ಟಿಯಾದ ಕೊಂಡಿಯೊಂದು ಇರುತ್ತದೆ, ಚಿಲಕ ಬಂದು ಕಚ್ಚುವ ಕೊಂಡಿ. ಅದರೊಳಗೆ ತೂರಿಸಿ ಕೈಗೋಲಿನಂತೆ ಊರಿಕೊಂಡು ಏಳಬಹುದಾದ ಹಿಡಿಯೊಂದು ಮುನ್ನೂರು ನಾನೂರು ರೂಪಾಯಿಗೆ ಸಿಗುತ್ತದೆ. ಏಳುವಾಗ ತೆರೆದ ಬಾಗಿಲನ್ನು ಹಿಡಿದುಕೊಂಡರೆ ಅದು ತೂಗಾಡುತ್ತದೆ, ಈ ಹಿಡಿ ಅಲುಗುವುದಿಲ್ಲ. ನಮ್ಮ ಕಾರಿಗೆ ಹಾಕಿದ ಎಲ್ಲ ವಸ್ತುಗಳಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ.

ಏಸಿಯ ಗಾಳಿ ಶೋಧಕವನ್ನು ಬದಲಿಸಿ ಎಷ್ಟು ದಿನವಾಯಿತೆಂದು ನೋಡಿದ್ದೀರಾ? ಮಂಡ್ಯದ ಕಡೆ ಆಲೆಮನೆಗಳ ಹೊಗೆಯಲ್ಲಿ ಹಾದುಹೋಗುವ ಕಾರಿಗೆ ಇದ್ದಿಲು ಸೇರಿಸಿದ ಶೋಧಕವನ್ನೇ ಹಾಕಬೇಕು. ಹೆಚ್ಚಿನ ಕಾರುಗಳಲ್ಲಿ ಗ್ಲವ್ ಬಾಕ್ಸಿನ ಹಿಂದೆ ಇರುತ್ತದೆ, ಸ್ಕ್ರೂ ಡ್ರೈವರ್ ಹಿಡಿಯಬಲ್ಲ ಯಾರಾದರೂ ಅರ್ಧ ಗಂಟೆಯಲ್ಲಿ ಬದಲಿಸಬಹುದು. ಮೇಲಿರುವ ಬಾಣದ ಗುರುತು ಗಾಳಿ ಸಾಗುವ ದಿಕ್ಕಿಗೆ ಇರಲಿ. ಚರ್ಮದ ಸೀಟಿಗೆ ಕೊಬ್ಬರಿ ಎಣ್ಣೆ ಹಚ್ಚುವವರನ್ನು ಕಂಡಿದ್ದೇನೆ. ಅದರಿಂದ ಧೂಳು ಅಂಟುವುದಲ್ಲದೆ ಮತ್ತೇನೂ ಆಗುವುದಿಲ್ಲ. ಚರ್ಮದ ಮೇಲೆ ಪ್ಲಾಸ್ಟಿಕ್ಕಿನಂಥ ತೆಳುಪದರವಿರುವುದರಿಂದ ಎಣ್ಣೆ ಒಳಗೆ ಇಳಿಯುವುದೇ ಇಲ್ಲ. ಮೃದುವಾದ ಸಾಬೂನಿನ ನೊರೆಯಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸುವುದೇ ಅದಕ್ಕೆ ಬೇಕಾದ ಉಪಚಾರ.

ಬಿಸಿಲಿಗೆಂದು ಕಪ್ಪು ಫಿಲ್ಮ್ ಅಂಟಿಸುವ ಯೋಚನೆಯಿದ್ದರೆ ಬಿಡಿ. ಕಪ್ಪು ಫಿಲ್ಮುಗಳ ಬಗ್ಗೆ ಸುಪ್ರೀಂ ಕೋರ್ಟಿನ 2012ರ ತೀರ್ಪಿದೆ. ಮುಂದಿನ ಹಿಂದಿನ ಗಾಜಿನಲ್ಲಿ ಶೇಕಡಾ 70, ಪಕ್ಕದವುಗಳಲ್ಲಿ ಶೇಕಡಾ 50 ಬೆಳಕು ಹಾಯಬೇಕೆಂಬುದು ನಿಯಮ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಬೆಳ್ಳಿಬಣ್ಣದ ಹಾಳೆ ಅಡ್ಡ ಇಟ್ಟರೆ ಸಾಕು, ಡ್ಯಾಶ್‌ಬೋರ್ಡೂ ಬಿರುಕು ಬಿಡದೆ ಉಳಿಯುತ್ತದೆ.

ವಿಜಯನಗರ, ಮೈಸೂರು

ಹಿತದ ಮಾತು ಬಂದುದರಿಂದ ಒಂದು ಸೇರಿಕೆ. ಹಂಪುಗಳ ಮೇಲೆ ಕಾರು ಗಡುಸೆನಿಸಿದರೆ ಸಸ್ಪೆನ್ಷನ್ನಿಗೆ ಹಣ ಸುರಿಯುವ ಮೊದಲು ಟೈರುಗಳನ್ನು ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹಳೆಯ ಟೈರಾದರೆ ಮೇಲಿನ ಅಚ್ಚು ಸವೆಯದೆ ಉಳಿದಿದ್ದರೂ ರಬ್ಬರು ಒಣಗಿ ಗಡುಸಾಗಿರುತ್ತದೆ. ಗಾಳಿಯನ್ನು ಬೆಳಗ್ಗೆ ಟೈರು ತಣ್ಣಗಿರುವಾಗಲೇ, ಬಾಗಿಲಿನ ಕಂಬದಲ್ಲೋ ಪೆಟ್ರೋಲ್ ಮುಚ್ಚಳದಲ್ಲೋ ಬರೆದಿರುವ ಅಂಕಿಯಂತೆ ತುಂಬಿಸಿ. ಬಾಗಿಲಿನ ರಬ್ಬರ್ ಬೀಡಿಂಗಿಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿದರೆ ಕಿರುಗುಡುವಿಕೆಯೂ ಗಾಳಿಯ ಸದ್ದೂ ಬಹಳ ಕಡಿಮೆಯಾಗುತ್ತವೆ. ಪೆಟ್ರೋಲಿಯಂ ಜೆಲ್ಲಿ, ಎಂಜಿನ್ ಆಯಿಲ್ ಸವರಬೇಡಿ, ಆ ರಬ್ಬರು ಊದಿಕೊಳ್ಳುತ್ತದೆ.

ಶ್ರೀರಂಗಪಟ್ಟಣ

ಎಲ್‌ಇಡಿ ಬಲ್ಬುಗಳನ್ನು ತೆಗೆದು ಹೊಸ ಹ್ಯಾಲೊಜನ್ ಜೋಡಿ ಹಾಕಿದೆ. ಅರ್ತ್ ಬೋಲ್ಟು ನಿಜಕ್ಕೂ ತುಕ್ಕು ಹಿಡಿದಿತ್ತು. ಗೋಡೆಯ ಮೇಲೆ ಟೇಪ್ ಅಂಟಿಸಿ ನೋಡಿದರೆ ಬಲಗಡೆಯ ದೀಪ ಒಂದು ಗೇಣು ಮೇಲಿತ್ತು. ಎಲ್ಲವನ್ನೂ ಸರಿಪಡಿಸಿ ನಿನ್ನೆ ರಾತ್ರಿ ಪಾಂಡವಪುರದವರೆಗೆ ಹೋಗಿಬಂದೆ. ಒಬ್ಬರೂ ದೀಪ ಮಿನುಗಿಸಲಿಲ್ಲ. ಹತ್ತಿರದ ನೆಲ ಮೊದಲಿನಷ್ಟು ಬೆಳಗುವುದಿಲ್ಲವಾದರೂ ಎಡಬದಿಯ ಕಲ್ಲುಗಳು ಬಹಳ ದೂರದಿಂದಲೇ ಕಾಣಿಸಿಕೊಳ್ಳುತ್ತಿವೆ. ಮುಂದಿನ ಭಾನುವಾರ ಗಾಜು ಉಜ್ಜುವ ಕೆಲಸ.

ಕುವೆಂಪುನಗರ, ಮೈಸೂರು

ಶ್ರೀರಂಗಪಟ್ಟಣದವರ ಬರಹ ಓದಿ ಬಹಳ ಸಂತೋಷವಾಯಿತು. ನನ್ನ ಕಡೆಯ ಕೆಲಸಗಳೂ ಮುಗಿದವು. ಸರಸ್ವತಿಪುರಂನವರು ಹೇಳಿದ ಓರೆ ದಿಂಬು ಮತ್ತು ಹಿಡಿ ಎರಡನ್ನೂ ತಂದೆ. ಪಟ್ಟಿಗಳ ಕರೆಂಟನ್ನು ಕವಲು ಹೋಲ್ಡರಿನ ಮೂಲಕ ಕೊಟ್ಟು, ರೆಗ್ಯುಲೇಟರ್ ಸೇರಿಸಿ, ಮಂಡ್ಯದವರ ಕ್ರಮದಲ್ಲೇ ಅರ್ಧ ಗಂಟೆ ಕಾದು ಅಳೆದೆ. ಮೂವತ್ತರ ಆಸುಪಾಸಿನ ಮಿಲಿ ಆಂಪಿಯರ್ ತೋರಿಸಿತು. ಬಲ್ಬು, ಪಟ್ಟಿ, ವಾಟರ್ ಪೇಪರ್, ಲೇಪ, ಶೋಧಕ, ದಿಂಬು ಎಲ್ಲ ಸೇರಿ ಐದು ಸಾವಿರ ರೂಪಾಯಿ ದಾಟಲಿಲ್ಲ. ಕಾರಿನ ಒಂದು ತಂತಿಯನ್ನೂ ಕತ್ತರಿಸಿಲ್ಲ.

ಶನಿವಾರ ರಾತ್ರಿ ಊರು ತಲುಪಿದಾಗ ಎಂಟೂವರೆಯಾಗಿತ್ತು. ಎಂದಿನಂತೆ ನಾನು ಸುತ್ತಿಕೊಂಡು ಬಂದು ಕೈ ಕೊಡುವಷ್ಟರಲ್ಲಿ ಅಮ್ಮ ಬಾಗಿಲು ತೆರೆದು, ಹಿಡಿಯನ್ನು ಊರಿ, ನೆಲ ನೋಡಿಕೊಂಡು ತಾವೇ ಇಳಿದು ನಿಂತಿದ್ದರು. ಜಗಲಿಯ ತನಕ ನಡೆದು, ಮೆಟ್ಟಿಲಿನ ಹತ್ತಿರ ನಿಂತು, "ಇಲ್ಲಿಗೂ ಆ ದೀಪ ಹಾಕಪ್ಪ, ಇಲ್ಲೇ ಕಾಣೋದಿಲ್ಲ" ಎಂದರು. ಪಟ್ಟಿ ಇನ್ನೂ ಒಂದು ಮೀಟರ್‌ಗಿಂತ ಹೆಚ್ಚು ಉಳಿದಿದೆ. 12 ವೋಲ್ಟ್, 1 ಆಂಪಿಯರ್‌ನ ಅಡಾಪ್ಟರ್ ತಂದಿಟ್ಟಿದ್ದೇನೆ, ಮುಂದಿನ ಸಲ ಹೋದಾಗ ಮೂರು ಮೆಟ್ಟಿಲಿಗೂ ಹಾಕಿ ಬರುತ್ತೇನೆ.